ಪಂಚಮಿಗೆ ಬಂದ ಮುಗಿಲಗರಡಿಯ ಅಣ್ಣ

ಹುಲಿಗೇಶನಿಗೆ ಹೆಸರಿನಲ್ಲಿ ಹುಲಿ, ಹೊಟ್ಟೆಯಲ್ಲಿ ಹುಳಿ. ಹುಲಿ ತೊಟ್ಟಿಲಲ್ಲೇ ಬಂದದ್ದು. ಹುಳಿ ಸೇರಿಕೊಂಡದ್ದು ಮದುವೆಯಾದ ಎರಡನೆಯ ವರ್ಷ, ಒಂದು ಮೊಬೈಲ್ ಆಟದ ದೆಸೆಯಿಂದ.

ಗಂಡ ಹೆಂಡತಿ ಇಬ್ಬರೂ ನೌಕರಿಯವರು. ಅವನು ಸಿಂಧನೂರಿನ ಖಾಸಗಿ ಕಾಲೇಜೊಂದರಲ್ಲಿ ಗುಮಾಸ್ತ. ಅವಳು, ಅಮರೇಶ್ವರಿ, ಲಿಂಗಸುಗೂರಿನ ಸಹಕಾರಿ ಬ್ಯಾಂಕೊಂದರ ಕ್ಯಾಶ್ ಕೌಂಟರಿನಲ್ಲಿ. ಯಾರ ಊರಿಗೆ ಯಾರು ಬರಬೇಕೆಂಬ ಜಗಳವೇ ಬೇಡವೆಂದು ನಡುವಿನ ಮಸ್ಕಿಯಲ್ಲಿ ಮನೆ ಹಿಡಿದಿದ್ದರು. ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಅವನ ಬಸ್ಸು ಮೂಡಣಕ್ಕೆ, ಅವಳದು ಪಡುವಣಕ್ಕೆ. ಸಂಜೆ ಎರಡು ದಿಕ್ಕೂ ಮತ್ತೆ ಒಂದೇ ಸೋಫಾದ ಮೇಲೆ ಬಂದು ಕೂಡುತ್ತಿದ್ದವು. ಆ ಸೋಫಾದ ಮೇಲಿನ ತಾಸೆರಡು ತಾಸು ಹುಲಿಗೇಶನ ಪಾಲಿಗೆ ದಿನದ ಸಂಬಳ.

ಆಟ ತಂದವನೂ ಅವನೇ. ಅದಕ್ಕೆ ಇಂಗ್ಲಿಷಿನಲ್ಲಿ ಮೊಳದುದ್ದದ ಹೆಸರಿತ್ತು. ಇವರು ಮನೆಯ ಮಟ್ಟಿಗೆ 'ಮುಗಿಲಗರಡಿ' ಎಂದು ಕರೆದುಕೊಂಡರು. ಹಳೆಯ ಕಾಲದ ಯಾವುದೋ ಚೀನಾ ಸೀಮೆ. ಕತ್ತಿ, ಭರ್ಚಿ, ಕೊನೆಗೆ ಕೊಡೆಯನ್ನೂ ಹಿಡಿದು ಕಾದಾಡುವ ಪಟ್ಟುಗಾರರು. ಗುಡ್ಡದ ತುದಿಯಿಂದ ಹಾರಿದರೆ ಬೀಳುವುದಿಲ್ಲ, ತೇಲುತ್ತಾರೆ. ಹೊಳೆಯ ಮೇಲೆ ಕೆರ ನೆನೆಯದಂತೆ ಓಡುತ್ತಾರೆ. ಎಲ್ಲಕ್ಕಿಂತ ದೊಡ್ಡ ಗುಣವೆಂದರೆ ಅದು ಮುಫತ್ತು. ದುಡ್ಡು ಸುರಿದವನಿಗೆ ಹೆಚ್ಚು ಬಲ, ಸುರಿಯದವನಿಗೆ ಕಡಿಮೆ ಎಂಬ ಭೇದವಿಲ್ಲ. ದುಡ್ಡು ಬೇಕಾದದ್ದು ಬಟ್ಟೆಬರೆಗೆ ಮಾತ್ರ. ಹರಕು ಅಂಗಿಯವನೂ ರೇಷ್ಮೆಯವನನ್ನು ಕೆಡವಬಹುದು.

ಮುಫತ್ತಿನ ಬೆನ್ನಿಗೆ ಆಪತ್ತೂ ಇತ್ತು. ಇಳಿಸಿಕೊಳ್ಳಲು ಜಾಗ ಸಾಲದೆ ಹುಲಿಗೇಶ ಮೊಬೈಲಿನಿಂದ ಮದುವೆಯ ವಿಡಿಯೊಗಳನ್ನೆಲ್ಲ ಅಳಿಸಬೇಕಾಯಿತು. ಪರದೆಯ ತುಂಬ ಸಂತೆಯ ದಿನದ ಮಸ್ಕಿಯಂತೆ ಬಟನ್ನುಗಳು. ಒಂದು ಕೆಲಸ ಮುಗಿಯುವುದರೊಳಗೆ ಬೇರೆ ಕಡೆಯಿಂದ ಕೆಂಪು ಚುಕ್ಕೆಗಳು 'ಬಾ ಬಾ' ಎಂದು ಕಣ್ಣು ಹೊಡೆಯುತ್ತಿದ್ದವು. ಚೀನಿ ಮಾತನ್ನು ಇಂಗ್ಲಿಷಿಗೆ ಹೊತ್ತು ತಂದವರು ದಾರಿಯಲ್ಲೆಲ್ಲೋ ಅರ್ಥವನ್ನು ಕೆಡವಿಕೊಂಡು ಬಂದಿದ್ದರು. ಅರ್ಧ ತಾಸು ಆಡಿದರೆ ಮೊಬೈಲಿನ ಬೆನ್ನು ರೊಟ್ಟಿ ಹಂಚಿನಂತೆ ಕಾಯುತ್ತಿತ್ತು.

ಮೊದಮೊದಲು ಅಮರೇಶ್ವರಿಯ ಕೈಹಿಡಿದು ಕಲಿಸಿದವನೂ ಅವನೇ. ಕಲಿಸಿದ ಎಂದರೆ, ಪಕ್ಕದಲ್ಲಿ ಕೂತು ವರದಿ ಒಪ್ಪಿಸಿದ.

"ಎಡಕ್ಕ ಹೊಳ್ಳು. ಎಡ ಅಂದ್ರ ಎಡ, ಅದು ಬಲ. ಜಿಗಿ. ಈಗಲ್ಲ, ಆಗ. ನೋಡು, ಸತ್ತಿ."

ಬರೀ ಹೇಳಿದರೆ ಅವನಿಗೆ ಸಮಾಧಾನವಿಲ್ಲ. ಒಮ್ಮೆ ಕಾಲೇಜಿನ ಪ್ರಿನ್ಸಿಪಾಲರ ಮೂಗಿನ ದನಿ, ಒಮ್ಮೆ ಲಿಂಗಸುಗೂರು ಬಸ್ಸಿನ ಕಂಡಕ್ಟರ್, ಒಮ್ಮೆ ಮಾವ ಗಿಡ್ಡಪ್ಪನ ಕೆಮ್ಮು. ಯಾರ ದನಿ ಬೇಕೆಂದರೂ ಅವನ ಗಂಟಲಿನಿಂದ ಬರುತ್ತಿತ್ತು. ಅಮರೇಶ್ವರಿ ಮೊದಲ ತಿಂಗಳು ನಕ್ಕಳು. ಎರಡನೆಯ ತಿಂಗಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಳು.

ಅಲ್ಲಿಂದ ಅವಳ ಆಟ ಕುದುರಿತು. ಈ ಆಟದಲ್ಲಿ ಹೊಡೆದಾಡಲೇಬೇಕೆಂದಿಲ್ಲ. ಬೇಕಾದರೆ ವೈದ್ಯನಾಗಿ ಊರೂರು ತಿರುಗಿ ಬೇರೆ ಆಟಗಾರರ ಗಾಯ, ಜ್ವರ ವಾಸಿ ಮಾಡಬಹುದು. ಅಮರೇಶ್ವರಿ ವೈದ್ಯಳಾದಳು. ಕೌಂಟರಿನಲ್ಲಿ ದಿನವಿಡೀ ಸಿಡುಕುವ ಜನರನ್ನು ಸಂಭಾಳಿಸಿದವಳಿಗೆ ಇದೇನು ಕಷ್ಟ. ಹುಲಿಗೇಶ ಕತ್ತಿ ಬೀಸಿ ಹತ್ತು ಸಲ ಸಾಯುವಷ್ಟರಲ್ಲಿ ಅವಳ ಮರದ ಕೆಳಗೆ ರೋಗಿಗಳ ಸಾಲು. ಅವಳು ಅವರೊಂದಿಗೆ ಮಾತಾಡುತ್ತಿದ್ದಳು, ನಗುತ್ತಿದ್ದಳು. ಪಕ್ಕದಲ್ಲೇ ಕೂತ ಗಂಡನಿಗೆ ಆ ನಗುವಿನ ಅರ್ಧ ಮಾತ್ರ ಕೇಳುತ್ತಿತ್ತು, ಉಳಿದರ್ಧ ಇಯರ್‌ಫೋನಿನೊಳಗೆ.

"ಯಾರದು?" ಎಂದು ಅವನು ಕೇಳಿದ.

"ಯಾರೋ ಕುಷ್ಟಗಿ ಕಡ್ಯಾಂವ. ಕಾಲು ಮುರಕೊಂಡಾನ."

"ಆಟದಾಗೋ, ಖರೇನೋ?"

"ಆಟದಾಗ್ರೀ. ಖರೇ ಮುರಕೊಂಡ್ರ ನನ್ನ ಹತ್ರ ಯಾಕ ಬರ್ತಾನ."

ಹುಲಿಗೇಶನಿಗೆ ಆ ಕಾಲು ಖರೇನೇ ಮುರಿಯಲಿ ಅನ್ನಿಸಿತು. ಮೊಬೈಲಿಗೂ ಹೊಟ್ಟೆಗೂ ಕಾವು ಏರುವುದರಲ್ಲಿ ಪೈಪೋಟಿ ನಡೆದಿತ್ತು. ಅವಳು ಗೊತ್ತಿಲ್ಲದ ಗಂಡಸರೊಂದಿಗೆ ಎಷ್ಟು ದೂರ ಹೋಗುತ್ತಾಳೆ ಎಂದು ಒಮ್ಮೆ ನೋಡಿಯೇ ಬಿಡಬೇಕು ಎಂದು ತೀರ್ಮಾನಿಸಿದ.

ಮರುದಿನ ಮಧ್ಯಾಹ್ನ ಕಾಲೇಜಿನ ಹಳೆ ಉತ್ತರಪತ್ರಿಕೆಗಳ ಕೋಣೆಯಲ್ಲಿ ಬುತ್ತಿ ಬಿಚ್ಚದೆ ಕೂತು ಹೊಸ ಆಟಗಾರನೊಬ್ಬನನ್ನು ಹುಟ್ಟಿಸಿದ. ದನಿ ಯಾರದು ಇಡಬೇಕು? ಗೊರೇಬಾಳದ ಬಾಬುಸಾಬ್ ನೆನಪಾದ. ಹೈಸ್ಕೂಲಿನಲ್ಲಿ ಒಂದೇ ಬೆಂಚಿನವನು, ಈಗ ಆಟೋ ಹೊಡೆಯುತ್ತಾನೆ. ಇವರ ಮದುವೆಯ ಹೊತ್ತಿಗೆ ಬಳ್ಳಾರಿಯಲ್ಲಿದ್ದುದರಿಂದ ಅಮರೇಶ್ವರಿ ಅವನನ್ನು ನೋಡಿರಲಿಲ್ಲ. ಜೇನಿನಲ್ಲಿ ಜಲ್ಲಿಕಲ್ಲು ಹೊರಳಿಸಿದಂಥ ಅವನ ದನಿಯನ್ನು ಹುಲಿಗೇಶ ಹೈಸ್ಕೂಲಿನಲ್ಲೇ ಕದ್ದಿಟ್ಟುಕೊಂಡಿದ್ದ. ದನಿಯ ಜೊತೆಗೆ ಹೆಸರು, ಊರು, ಆಟೋ ಎಲ್ಲವನ್ನೂ ಎತ್ತಿಕೊಂಡ. ಕೇಳುವ ಗೋಜಿಗೆ ಹೋಗಲಿಲ್ಲ.

ಅಮರೇಶ್ವರಿಯೂ ಊಟದ ವೇಳೆಯಲ್ಲಿ ಸ್ವಲ್ಪ ಹೊತ್ತು ಆಡುತ್ತಾಳೆಂದು ಅವನಿಗೆ ಗೊತ್ತಿತ್ತು. 'ಬಾಬುಸಾಬ್' ಅವಳ ಮರದ ಕೆಳಗೆ ಕೆಮ್ಮುತ್ತಾ ಹೋಗಿ ಕೂತ. ವಾಸಿಯಾದ. ಎರಡು ದಿನ ಬಿಟ್ಟು ಮತ್ತೆ ಕೆಮ್ಮಿದ. ಮೂರನೆಯ ಸಲ, ಇದೇ ಹೊತ್ತೆಂದು, ದುಡ್ಡು ಕೊಟ್ಟು ಕೊಂಡ ಕೆಂಪು ರೇಷ್ಮೆಯ ನಿಲುವಂಗಿಯೊಂದನ್ನು ಅವಳಿಗೆ ಉಡುಗೊರೆ ಕಳಿಸಿದ. ಈ ಆಟದಲ್ಲಿ ಉಡುಗೊರೆ ಗುಟ್ಟಾಗಿ ಉಳಿಯುವುದಿಲ್ಲ. ಮದುವೆ ಮನೆಯ ಮೈಕಿನಲ್ಲಿ ಕೂಗಿದಂತೆ, ಯಾರು ಯಾರಿಗೆ ಏನು ಕೊಟ್ಟರೆಂದು ಪರದೆಯ ಮೇಲೆ ಬಂಗಾರದ ಪಟ್ಟಿ ಓಡುತ್ತದೆ.

ಹುಲಿಗೇಶನ ಲೆಕ್ಕ ಸರಳವಿತ್ತು. ತಗೊಂಡರೆ ಸಿಕ್ಕಿಬಿದ್ದಳು, ಒಲ್ಲೆಂದರೆ ಅಪ್ಪಟ ಚಿನ್ನ. ಮೂರನೆಯದೊಂದು ದಾರಿ ಇದೆಯೆಂದು ಅವನಿಗೆ ಹೊಳೆದೇ ಇರಲಿಲ್ಲ.

"ಅರಿವಿ ಕೊಟ್ಟಿಯಲ್ಲಣ್ಣಾ," ಅಂದಳು ಅಮರೇಶ್ವರಿ. ದನಿ ಒದ್ದೆಯಾಗಿತ್ತು. "ಇದು ಆಯಾರ ಆತು. ಗಂಡನ್ನ ಬಿಟ್ರ ಹೆಣ್ಣಮಗಳಿಗೆ ಅರಿವಿ ತರಾಂವ ತವರುಮನಿ ಅಣ್ಣ ಒಬ್ಬನ. ನಂಗ ಒಡಹುಟ್ಟಿದವರು ಯಾರೂ ಇಲ್ಲ. ಹಂಗ ತಗೊಳ್ಳಾಕ ಬರಂಗಿಲ್ಲ, ಅಣ್ಣ ಅಂತ ತಗೋತೀನಿ."

ಆಟದಲ್ಲಿ ಸೋದರ ಬಾಂಧವ್ಯದ ಶಾಸ್ತ್ರವೂ ಇತ್ತು. ಅವಳು ಬಟನ್ನು ಒತ್ತಿದಳು. ಪೀಚ್ ಹೂವಿನ ಮರದ ಕೆಳಗೆ ಇಬ್ಬರೂ ಮಂಡಿಯೂರಿದರು, ಮುಗಿಲಿಗೆ ಕೈಮುಗಿದರು, ಹೂವು ಉದುರಿತು, ಬಂಗಾರದ ಪಟ್ಟಿ ಓಡಿತು. ಉತ್ತರಪತ್ರಿಕೆಗಳ ನಡುವೆ ಕೂತ ಹುಲಿಗೇಶ ತನ್ನ ಹೆಂಡತಿಗೆ ಅಣ್ಣನಾದ. ತನಗೆ ತಾನೇ ಭಾವನಾದ.

ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಅಣ್ಣನಿಗೆ ಸಿಗುವ ಮಾತು ಗಂಡನಿಗೆ ಸಿಗುತ್ತಿರಲಿಲ್ಲ.

"ಇವತ್ತ ಕೌಂಟರಿನಾಗ ಏನಾತವಾ ತಂಗಿ?" ಎಂದು 'ಬಾಬುಸಾಬ್' ಕೇಳಿದರೆ ಅವಳು ಬಿಚ್ಚಿಕೊಳ್ಳುತ್ತಿದ್ದಳು. ಮ್ಯಾನೇಜರ್ ಎಲ್ಲರೆದುರು ಗದರಿದ್ದು. ಹರಿದ ನೋಟು ಬದಲಿಸಲು ಬಂದ ಮುದುಕಿ ಹರಸಿ ಹೋದದ್ದು. ಅವಳಿಗೆ ಪರೀಕ್ಷೆ ಕಟ್ಟಿ ಆಫೀಸರ್ ಆಗುವ ಆಸೆಯಿದ್ದದ್ದು. ಈ ಕೊನೆಯದನ್ನು ಹುಲಿಗೇಶ ಕೇಳಿದ್ದೇ ಮೊದಲು. ಅಣ್ಣನ ವೇಷದಲ್ಲಿ ಹೆಚ್ಚು ಮಾತಾಡಿದರೆ ಗುಟ್ಟು ಬಯಲಾದೀತೆಂದು ಅವನು 'ಹೂಂ, ಹೌದಾ, ಆಮ್ಯಾಲ' ಇಷ್ಟರಲ್ಲೇ ಇರುತ್ತಿದ್ದ. ಆ ಹೂಂಗುಟ್ಟುವಿಕೆಯೇ ಅವಳಿಗೆ ಹಿಡಿಸಿತ್ತು.

ಒಂದು ದಿನ ತಡೆಯಲಾರದೆ ಕೇಳಿದ. "ನಿನ್ನ ಗಂಡ ಹೆಂಗದಾನವಾ?"

"ಛಲೋ ಅದಾನಣ್ಣಾ," ಅಂದಳು. ಹುಲಿಗೇಶ ಎದೆಯುಬ್ಬಿಸಿದ. "ಊರ ಮಂದಿ ದನಿ ಎಲ್ಲಾ ತೆಗೀತಾನ. ತನ್ನ ದನಿ ಯಾವಾಗ ತೆಗೀತಾನ ಅಂತ ಕಾಯಾಕತ್ತೀನಿ."

ಉಬ್ಬಿದ ಎದೆ ಪಂಕ್ಚರ್ ಆದ ಬಸ್ಸಿನಂತೆ ಕುಸಿಯಿತು.

ಅಂದು ಸಂಜೆ ಸೋಫಾದ ಮೇಲೆ ಅವಳು ಬಾಬಣ್ಣನ ಗುಣಗಾನಕ್ಕೆ ಕೂತಳು. ಬಾಬಣ್ಣ ಮಧ್ಯ ಬಾಯಿ ಹಾಕುವುದಿಲ್ಲ. ಬಾಬಣ್ಣ ತಾಳ್ಮೆಯವನು. ಬಾಬಣ್ಣ ಕೇಳಿದ್ದನ್ನು ನೆನಪಿಟ್ಟುಕೊಳ್ಳುತ್ತಾನೆ.

"ಅಂವಗ ಆಡಾಕ ಎಲ್ಲಿ ಬರ್ತೈತಿ," ಅಂದ ಹುಲಿಗೇಶ. "ಹೊಳಿ ಮ್ಯಾಲ ಓಡೂದು ಬಿಟ್ಟು ಹೊಳಿಯಾಗ ಬೀಳ್ತಾನ."

"ನಿಮಗ್ಹೆಂಗ ಗೊತ್ತು?"

"ಆಟೋದವರು ಎಲ್ಲಾ ಹಂಗ."

"ಬಿದ್ರ ಬೀಳಲಿ ಬಿಡ್ರಿ. ನನ್ನ ಮಾತು ಕೆಳಗ ಬೀಳಗೊಡಂಗಿಲ್ಲ."

ಕುಷ್ಟಗಿಯ ಕಾಲುಮುರುಕನ ಮೇಲೆ ಹುಟ್ಟಿದ ಹೊಟ್ಟೆಕಿಚ್ಚು ಈಗ ಪೂರ್ತಿಯಾಗಿ ಬಾಬಣ್ಣನ ಮೇಲೆ ತಿರುಗಿತು. ಅವನು ತಾನೇ ಎಂಬುದು ಸಮಾಧಾನವಾಗುವ ಬದಲು ಇನ್ನಷ್ಟು ಉರಿಸಿತು. ಬೇರೆಯವನಾಗಿದ್ದರೆ ಕಾಲರ್ ಹಿಡಿಯಬಹುದಿತ್ತು. ಇಲ್ಲಿ ಹಿಡಿಯಲು ಹೋದರೆ ತನ್ನ ಕಾಲರೇ ಕೈಗೆ ಬರುತ್ತಿತ್ತು. ಮಧ್ಯಾಹ್ನ ಅವಳು ಕೊಟ್ಟ ಪ್ರೀತಿಯನ್ನೆಲ್ಲ ಬಾಬಣ್ಣ ಉಂಡು ಮುಗಿಸುತ್ತಿದ್ದ. ಸಂಜೆ ಗಂಡನ ತಟ್ಟೆಗೆ ತಂಗಳು. ಅವನನ್ನು ಮುಗಿಸಿಬಿಡಬೇಕು, ಆ ಮಾತು ತನ್ನ ಸೋಫಾಕ್ಕೆ ವಾಪಸು ಬರಬೇಕು. ಬಾಬಣ್ಣನಿಗೆ ದುಬೈ ಕೆಲಸ ಕೊಡಿಸಿ ಸಾಗಹಾಕುವುದೆಂದು ಹುಲಿಗೇಶ ಗೊತ್ತುಮಾಡಿದ.

ಆದರೆ ಅಷ್ಟರಲ್ಲಿ ಪಂಚಮಿ ಹತ್ತಿರ ಬಂತು.

ಈ ಸೀಮೆಯಲ್ಲಿ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಗಂಡನ ಮನೆಗೆ ಬಂದು ಕರೆದರೆ ಉಂಡಿ, ಜೋಕಾಲಿ, ತವರು. ಕರೆಯಲು ಬಾರದ ಮನೆಯ ಹೆಣ್ಣು ಊರ ಅಗಸಿ ಬಾಗಿಲಿನ ಕಡೆ ನೋಡುತ್ತ ನಿಲ್ಲುತ್ತದೆ. ಹೋದ ವರ್ಷ ಗಿಡ್ಡಪ್ಪ ಅವಳ ತವರೂರು ವಳಕಮದಿನ್ನಿಯಿಂದ ಫೋನು ಮಾಡಿ "ಬಸ್ ಹತ್ತಿ ಬಾರವ್ವ" ಅಂದಿದ್ದ. ಅವಳು ಒಬ್ಬಳೇ ಚೀಲ ಹಿಡಿದು ಹೋಗಿದ್ದಳು.

"ಅಣ್ಣಾ," ಎಂದಳು ಅಮರೇಶ್ವರಿ ಒಂದು ಮಧ್ಯಾಹ್ನ. "ಒಂದ ಒಂದು ಸಲ. ಕರ್ಯಾಕ ಬರ್ತೀಯೇನು?"

ದುಬೈ ಎನ್ನುವ ಮಾತು ಹುಲಿಗೇಶನ ನಾಲಿಗೆಯ ತುದಿಯಲ್ಲಿತ್ತು. ಆದರೆ ಅವಳು ಕೇಳಿದ ರೀತಿಗೆ ಅದು ಅಲ್ಲೇ ಉಳಿಯಿತು. ಹೊರಬಿದ್ದದ್ದು ಬಾಬುಸಾಬನ ದನಿ.

"ಬರ್ತೀನವಾ."

ಅಂದು ಅವನು ಬಸ್ಸಿಳಿದದ್ದು ಮಸ್ಕಿಯಲ್ಲಲ್ಲ, ಗೊರೇಬಾಳದಲ್ಲಿ. ಬಾಬುಸಾಬ್ ಮನೆಯ ಮುಂದೆ ಆಟೋ ತೊಳೆಯುತ್ತಿದ್ದ. ಅವನ ತಾಯಿ ಮಕ್ತುಂಬೀ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ಹುಲಿಗೇಶ ನಡೆದದ್ದನ್ನೆಲ್ಲ ಹೇಳಿದ. ಬಾಬುಸಾಬ್ ಚಿಂದಿಯನ್ನು ಬಕೀಟಿನಲ್ಲಿ ಹಾಕಿ ತಿರುಗಿ ನಿಂತ.

"ಲೇ ಹುಲಿಗ್ಯಾ, ನನ್ನ ದನಿ ತಗೊಂಡಿ, ಹೆಸರು ತಗೊಂಡಿ. ಆಟೋದ ಕಂತೂ ಕಟ್ಟೀಯೇನು?"

"ತಮಾಷಿ ಮಾಡಬ್ಯಾಡಲೇ. ದುಬೈಗೆ ಹೋದೆ ಅಂತ ಹೇಳ್ತೀನಿ. ಯಾರರ ಕೇಳಿದ್ರ ಹೌದು ಅನ್ನು, ಅಷ್ಟ ಸಾಕು."

"ದುಬೈಗಿ ಹೋದಾಂವ ಸಿಂಧನೂರಾಗ ಸೀಟು ಕೂಗಿದ್ರ ನಡೀತೈತೇನು?"

ಮಕ್ತುಂಬೀ ಮೊರ ಕೆಳಗಿಟ್ಟಳು. "ಪಂಚಮಿಗೆ ಕರ್ಯಾಕ ಬರ್ತೀನಿ ಅಂತ ಹುಡುಗಿಗೆ ಮಾತು ಹೋಗೇತಿ?"

"ಹೋಗೇತಿ ಚಾಚಿ. ಆದ್ರ ನನ್ನ ಬಾಯಿಲೆ."

"ಬಾಯಿ ಯಾರದರ ಇರಲಿ. ಹೆಸರು ನನ್ನ ಮಗಂದು." ಅವಳು ಮಗನತ್ತ ತಿರುಗಿದಳು. "ಕರ್ಯಾಕ ಬರಬೇಕಾದಾಂವ ಬರಲಿಲ್ಲ ಅಂದ್ರ ಹೆಣ್ಣಮಗಳ ಹೊಟ್ಟಿ ಎಷ್ಟು ಉರೀತೈತಿ, ನಿಮಗೇನು ಗೊತ್ತು. ಆಟೋ ಜಲ್ದಿ ತೊಳಿ. ಬಳಿ ತರಬೇಕು."

ಪಂಚಮಿಯ ಹಿಂದಿನ ದಿನ ಬಾಬುಸಾಬ್ ಮಸ್ಕಿಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಹಿಂಭಾಗಕ್ಕೆ ಮಲ್ಲಿಗೆ ಸರ ಬಿಟ್ಟ ಆಟೋ, ಕೈಯಲ್ಲಿ ಹಸಿರು ಬಳೆ, ಕುಪ್ಪಸದ ಕಣ, ಮಕ್ತುಂಬೀ ಕಟ್ಟಿಕೊಟ್ಟ ಶೇಂಗಾ ಉಂಡಿಯ ಡಬ್ಬಿ. ಹೊಸ್ತಿಲಾಚೆ ನಿಂತು, "ತಂಗೀ, ಕರ್ಯಾಕ ಬಂದೀನಿ," ಅಂದ.

ಇಷ್ಟು ದಿನ ಕೇಳಿದ ದನಿಯೇ. ಅಮರೇಶ್ವರಿ ಸೆರಗು ಬಾಯಿಗೆ ಒತ್ತಿಕೊಂಡಳು. ಮದುವೆಯ ದಿನ ಹುಲಿಗೇಶ ತಾಳಿ ಕಟ್ಟುವಾಗಲೂ ಅವಳ ಕಣ್ಣು ಹೀಗೆ ತುಂಬಿರಲಿಲ್ಲ. ಅದನ್ನು ಸರಿನೋಡಿಕೊಳ್ಳೋಣವೆಂದರೆ ವಿಡಿಯೊ ಅಳಿಸಿಹೋಗಿತ್ತು.

"ನೀವು ನಾಳೆ ಸಂಜಿಕ ಬರ್ರಿ, ಕರಕೊಂಡು ಹೋಗಾಕ," ಎಂದು ಗಂಡನಿಗೆ ಹೇಳಿ ಅವಳು ಆಟೋ ಹತ್ತಿದಳು. ಬೀದಿಯ ಹೆಂಗಸರೆಲ್ಲ ನೋಡಲೆಂದು ಬಳೆಗಳ ಕೈಯನ್ನು ಹೊರಗೇ ಇಟ್ಟಿದ್ದಳು. ಆಟೋ ತಿರುವು ದಾಟಿತು. ಹುಲಿಗೇಶ ಒಳಗೆ ಬಂದು ಖಾಲಿ ಸೋಫಾದ ಮೇಲೆ ಕೂತು ಮುಗಿಲಗರಡಿ ತೆರೆದ. ಅವಳ ಮರದ ಕೆಳಗೆ ಯಾರೂ ಇರಲಿಲ್ಲ. ಗುಡ್ಡದಿಂದ ಹಾರಿದ, ತೇಲಿದ, ಇಳಿದ. ಇಷ್ಟು ದೊಡ್ಡ ಜಗತ್ತನ್ನು ಮುಫತ್ತಾಗಿ ಕಟ್ಟಿಕೊಟ್ಟವರು ಅದರೊಳಗೆ ಒಬ್ಬನೇ ಇರುವವನಿಗೆ ಏನೂ ಇಟ್ಟಿಲ್ಲವಲ್ಲ ಎಂದುಕೊಂಡ.

ಮರುದಿನ ಸಂಜೆಯವರೆಗೆ ಕಾಯಲಾಗದೆ ಮಧ್ಯಾಹ್ನವೇ ಬೈಕ್ ಹತ್ತಿದ. ವಳಕಮದಿನ್ನಿಯ ಗದ್ದೆಗಳಿಗೆ ಕಾಲುವೆ ನೀರು ಬಿಟ್ಟಿದ್ದರು. ನಾಟಿಯ ಹಸಿರು ದಾರಿಯುದ್ದಕ್ಕೂ ಕಣ್ಣಿಗೆ ತಂಪಿತ್ತು, ಅವನ ಹೊಟ್ಟೆಗೆ ಮಾತ್ರ ಇಳಿಯಲಿಲ್ಲ. ಮಾವನ ಮನೆಯ ಹಿಂದಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿತ್ತು. ಅಮರೇಶ್ವರಿ ನಿಂತು ಜೀಕುತ್ತಿದ್ದಳು. ಬಾಬುಸಾಬ್ ಹಗ್ಗ ಹಿಡಿದು ತೂಗುತ್ತಿದ್ದ. ಎರಡು ವರ್ಷದಲ್ಲಿ ಅಳಿಯನೊಂದಿಗೆ ಕೆಮ್ಮಿಗಿಂತ ಹೆಚ್ಚು ಮಾತಾಡದ ಗಿಡ್ಡಪ್ಪ, "ಇನ್ನಷ್ಟು ಎತ್ತರ ತೂಗಪಾ ಬಾಬು," ಎಂದು ಬಾಯಿ ತುಂಬ ನಗುತ್ತಿದ್ದ. ಅತ್ತೆ ತಿಮ್ಮವ್ವ ಬಾಬುಸಾಬನ ಹೆಗಲಿಗೆ ಹೊಸ ಟವೆಲ್ ಹೊದಿಸಿದ್ದಳು. ತನಗೆ ಹೊದಿಸಿದ್ದು ಇದಕ್ಕಿಂತ ತೆಳ್ಳಗಿತ್ತು ಎಂದು ಹುಲಿಗೇಶನಿಗೆ ಖಾತ್ರಿಯಾಯಿತು.

ಅವನನ್ನು ಕಂಡು ಅಮರೇಶ್ವರಿ ಇಳಿದಳು. ಬಾಬುಸಾಬ್ ಚಹಾದ ನೆಪ ಹೇಳಿ ಗಿಡ್ಡಪ್ಪನನ್ನು ಕರೆದುಕೊಂಡು ಪಡಸಾಲೆಗೆ ಹೋದ. ಬೇವಿನ ಕೆಳಗೆ ಗಂಡ ಹೆಂಡತಿ ಇಬ್ಬರೇ ಉಳಿದರು.

"ನಿನ್ನಿ ದಾರ್‍ಯಾಗ ಅಣ್ಣನ್ನ ಕೇಳಿದೆ," ಅಂದಳು. "ಆಟದಾಗ ನಾ ಯಾವ ಮರದ ಕೆಳಗ ಕೂಡ್ತೀನಿ ಅಂತ. ಬೇವಿನ ಮರ ಅಂದ. ಆ ಚೀನಾ ಸೀಮ್ಯಾಗ ಬೇವು ಎಲ್ಲೈತಿ. ಆಟೋ ನಿಲ್ಲಿಸು ಅಂದೆ. ಕಾಲುವಿ ದಂಡಿಗೆ ನಿಲ್ಲಿಸಿ ಎಲ್ಲಾ ಹೇಳಿದ."

ಹುಲಿಗೇಶ ಜೋಕಾಲಿಯ ಹಗ್ಗ ಹಿಡಿದುಕೊಂಡ.

"ವಾಪಸ್ ಮಸ್ಕಿಗಿ ಬಿಡ್ಲೇನವಾ ಅಂತ ಕೇಳಿದ. ಯಾಕ ಅಂದೆ. ಕರ್ಯಾಕ ಬಂದಾಂವ ನೀನ, ಬಳಿ ತಂದಾಂವ ನೀನ, ಅಣ್ಣನೂ ನೀನ ಅಂತ ಹೇಳಿದೆ. ಮುಂದಿನ ವರ್ಷನೂ ಬರ್ತಾನಂತ. ಅದು ಮುಗೀತು. ಉಳಿದದ್ದು ನಿಮ್ಮದು."

"ಅಮರೂ, ನಾ ಬರೇ…"

"ನನ್ನ ಪರೀಕ್ಷಾ ಮಾಡಾಕ ಬಂದ್ರಿ. ನಾ ಪಾಸಾದೆ. ಅಲ್ಲಿಗೆ ಯಾಕ ಬಿಡಲಿಲ್ಲ? ತಿಂಗಳಾನುಗಟ್ಟಲೆ ಮಧ್ಯಾಹ್ನ ನನ್ನ ಮಾತು ಯಾಕ ಕೇಳಿದ್ರಿ?"

ಹುಲಿಗೇಶನ ಗಂಟಲಿನಲ್ಲಿ ಪ್ರಿನ್ಸಿಪಾಲರು, ಕಂಡಕ್ಟರು, ಮಾವ ಎಲ್ಲರೂ ಸಾಲುಗಟ್ಟಿ ನಿಂತಿದ್ದರು. ಯಾರೊಬ್ಬರನ್ನು ಮುಂದೆ ಬಿಟ್ಟರೂ ಅವಳು ನಕ್ಕುಬಿಡಬಹುದಿತ್ತು. ಯಾರನ್ನೂ ಬಿಡಲಿಲ್ಲ.

"ನೀ ಅಂವಗ ಹೇಳಿದಂಗ ನಂಗ ಹೇಳ್ತಿದ್ದಿಲ್ಲ," ಅಂದ. ದನಿ ಸಣ್ಣಗೆ, ಒರಟಾಗಿ ಬಂತು. "ಅದಕ್ಕ ಬಿಡಾಕ ಆಗಲಿಲ್ಲ. ಅಂವನ ಮ್ಯಾಲ ಹೊಟ್ಟಿಕಿಚ್ಚಾಗಿತ್ತು. ಈಗೂ ಐತಿ."

ಅಮರೇಶ್ವರಿ ಅವನನ್ನೇ ನೋಡಿದಳು. "ಆಟದಾಗಿನ ಅಂವನ್ನ ಅಳಿಸಿಬಿಡ್ರಿ. ನನ್ನ ಮುಂದ."

ಅವನು ಮೊಬೈಲ್ ತೆಗೆದ. ಆಟಕ್ಕೆ ಸೇರಿಕೊಳ್ಳಲು ಒಂದೇ ಬಟನ್ನು. ಬಿಟ್ಟುಹೋಗುವ ಬಟನ್ನನ್ನು ಪಟ್ಟಿಯೊಳಗಿನ ಪಟ್ಟಿಯೊಳಗೆ ಹೂತಿಟ್ಟಿದ್ದರು. ತಡಕಿ ತಡಕಿ ಸಿಕ್ಕಿತು. ಅಳಿಸುವ ಮುನ್ನ ಆಟ ಹರಕು ಇಂಗ್ಲಿಷಿನಲ್ಲಿ ಕೇಳಿತು: ನಿಮ್ಮ ತಂಗಿ ಅಳುವಳು, ಖಚಿತವೇ? ಹುಲಿಗೇಶನ ಬೆರಳು ಒಂದು ಗಳಿಗೆ ನಿಂತಿತು. ಒತ್ತಿದರೆ ಬಾಬಣ್ಣ ಹೋಗುತ್ತಾನೆ. ಅವಳ ಮಧ್ಯಾಹ್ನಗಳೂ ಹೋಗುತ್ತವೆ. ತನಗೆ ಏನು ಉಳಿಯುತ್ತದೆಂಬ ಖಾತ್ರಿ ಇರಲಿಲ್ಲ. ಒತ್ತಿದ.

ಅವಳು ಜೋಕಾಲಿಯ ಹಲಗೆಯ ಮೇಲೆ ಒಂದು ಬದಿಗೆ ಸರಿದು ಕೂತಳು. ಅವನು ಪಕ್ಕದಲ್ಲಿ ಕೂತ.

"ಆಫೀಸರ್ ಪರೀಕ್ಷಾ ಯಾವಾಗೈತಿ?" ಎಂದು ಕೇಳಿದ.

ಅವಳು ಹಸಿರು ಬಳೆಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸಿದಳು. ಅವನಿಗೆ ನಾಲ್ಕು ಮಾತು ಹೊಳೆದವು, ನಾಲ್ಕನ್ನೂ ನುಂಗಿದ.

"ಅರ್ಜಿ ಇನ್ನೂ ಹಾಕಿಲ್ಲ," ಅಂದಳು ಕೊನೆಗೆ. "ಹಾಕಬೇಕಂತ ಮಾಡೀನಿ. ಆದ್ರ ಒಂದು ಮಾತು, ಪಾಸಾದ್ರ ಲಿಂಗಸುಗೂರು ಬಿಟ್ಟು…"

ಪಡಸಾಲೆಯಿಂದ ಜೇನು, ಜಲ್ಲಿಕಲ್ಲು ಒಟ್ಟಿಗೆ ಹೊರಳಿದವು. "ತಂಗೀ, ಚಾ ಆರಾಕತ್ತೈತಿ."

"ಬಂದೆ ಅಣ್ಣಾ," ಎಂದು ಅಮರೇಶ್ವರಿ ಹಸಿರು ಬಳೆ ಸದ್ದು ಮಾಡುತ್ತ ಎದ್ದು ಓಡಿದಳು.

ಹುಲಿಗೇಶ ಅರ್ಧ ಖಾಲಿಯಾದ ಹಲಗೆಯ ಮೇಲೆ ಉಳಿದ. ಒಳಗೆ ಬಾಬುಸಾಬ್ ಏನೋ ಅಂದ, ಅವಳು ನಕ್ಕಳು, ಗಿಡ್ಡಪ್ಪನೂ ನಕ್ಕ. ಹೊಟ್ಟೆಯಲ್ಲಿ ಹುಳಿ ಎದ್ದು ಗಂಟಲವರೆಗೆ ಬಂತು. ಎದ್ದು ಹೋಗಿ ಆ ನಗುವಿನ ನಡುವೆ ಬಾಯಿ ಹಾಕಬೇಕೆನಿಸಿತು. ಹೋಗಲಿಲ್ಲ. ಅವಳು ಲಿಂಗಸುಗೂರು ಬಿಟ್ಟು ಎಲ್ಲಿಗೆ ಎಂಬುದನ್ನು ಅವಳ ಬಾಯಿಯಿಂದಲೇ ಕೇಳಬೇಕಿತ್ತು. ಕಾಲಿನಿಂದ ನೆಲ ಒತ್ತಿ, ಜೋಕಾಲಿ ಅಲುಗದಂತೆ ಹಿಡಿದು, ಅವಳ ಜಾಗ ಅವಳಿಗೇ ಇರಲೆಂದು ಒಂದು ಬದಿಗೆ ಒತ್ತಿ ಕೂತ.